ಓದುಗರ ಪ್ರಶ್ನೆ, ನಮ್ಮ ಉತ್ತರ: ಮನೆಯಲ್ಲಿ ತುಂಬಿದ ತೋಟಾ, ಇನ್ನೊಬ್ಬರ ಕೋವಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ರೀಲೋಡಿಂಗ್ ಕುರಿತಾದವು. ಅದರಲ್ಲೂ ಒಬ್ಬರು ತುಂಬಿದ ತೋಟಾವನ್ನು ಇನ್ನೊಬ್ಬರು ಹಾರಿಸುವ ವಿಚಾರ. ಹೊಸಬರಿಗಾಗಿ ಒಂದು ಮಾತು: ತೋಟಾದಲ್ಲಿ ನಾಲ್ಕು ಭಾಗಗಳಿರುತ್ತವೆ. ಹಿತ್ತಾಳೆಯ ಕೇಸ್, ಅದರ ಬುಡದಲ್ಲಿ ಕಿಡಿ ಕೊಡುವ ಪ್ರೈಮರ್, ಒಳಗೆ ಪೌಡರ್, ಬಾಯಲ್ಲಿ ಬುಲೆಟ್. ಹಾರಿಸಿದ ಮೇಲೆ ಉಳಿಯುವುದು ಕೇಸ್ ಮಾತ್ರ. ಅದನ್ನು ಮತ್ತೆ ಅಳತೆಗೆ ತಂದು ಉಳಿದ ಮೂರನ್ನು ಹೊಸದಾಗಿ ಸೇರಿಸುವುದೇ ರೀಲೋಡಿಂಗ್.

ಪ್ರ: ಜೊತೆಗೆ ಗುರಿ ಅಭ್ಯಾಸ ಮಾಡುವ ಗೆಳೆಯರೊಬ್ಬರು 9 ಎಂಎಂ ತೋಟಾಗಳನ್ನು ಮನೆಯಲ್ಲೇ ತುಂಬುತ್ತಾರೆ. ನನ್ನ ಖಾಲಿ ಕೇಸ್‌ಗಳನ್ನು ಕೊಟ್ಟರೆ ಬದಲಿಗೆ ತುಂಬಿದ 200 ತೋಟಾ ಕೊಡುತ್ತಾರಂತೆ. ಮನುಷ್ಯ ಬಹಳ ಶಿಸ್ತಿನವರು. ತೆಗೆದುಕೊಳ್ಳಬಹುದೇ?

ಉ: ಬೇಡ. ಅವರ ಶಿಸ್ತಿನ ಬಗ್ಗೆ ನಮಗೇನೂ ತಕರಾರಿಲ್ಲ. ಶಿಸ್ತಿನವರಾದಷ್ಟೂ ಅವರ ತೋಟಾ ಅವರದೇ ಪಿಸ್ತೂಲಿಗೆ ಒಗ್ಗಿರುತ್ತದೆ, ತೊಂದರೆ ಇರುವುದೇ ಅಲ್ಲಿ.

ಸರಿಯಾಗಿ ಕೆಲಸ ಮಾಡುವವರು ಕೈಪಿಡಿಯಲ್ಲಿ ಕೊಟ್ಟ ಗರಿಷ್ಠ ಪೌಡರ್ ತೂಕಕ್ಕಿಂತ ಸುಮಾರು 10 ಪ್ರತಿಶತ ಕೆಳಗಿನಿಂದ ಶುರುಮಾಡಿ, ಸ್ವಲ್ಪಸ್ವಲ್ಪವೇ ಏರಿಸುತ್ತ ಹೋಗುತ್ತಾರೆ. ಪ್ರತಿ ಹಂತದಲ್ಲೂ ಹಾರಿಸಿದ ಕೇಸ್‌ಗಳನ್ನು ನೋಡುತ್ತಾರೆ. ಪ್ರೈಮರ್ ಚಪ್ಪಟೆಯಾಗಿದೆಯೇ, ಬುಡದಲ್ಲಿ ಖಾಲಿ ಕೇಸನ್ನು ಹೊರಗೆಸೆಯುವ ಎಜೆಕ್ಟರಿನ ಹೊಳೆಯುವ ಗುರುತು ಬಿದ್ದಿದೆಯೇ, ಕೇಸ್ ಹೊರಬರಲು ಹಟ ಮಾಡುತ್ತಿದೆಯೇ ಎಂದು. ಎಲ್ಲಿ ನಿಲ್ಲಿಸಬೇಕೆಂದು ಅವರಿಗೆ ಹೇಳುವುದು ಅವರ ಪಿಸ್ತೂಲಿನ ಚೇಂಬರ್, ಅಂದರೆ ಹಾರುವಾಗ ತೋಟಾ ಕೂರುವ ಗೂಡು. ನಿಮ್ಮದರ ಚೇಂಬರ್ ಒಂದು ಕೂದಲೆಳೆ ಬಿಗಿಯಿದ್ದರೂ ಅದೇ ತೂಕದ ಪೌಡರ್ ಹೆಚ್ಚಿನ ಒತ್ತಡ ಹುಟ್ಟಿಸುತ್ತದೆ.

9 ಎಂಎಂನಲ್ಲಿ ಇದಕ್ಕೆ ಇನ್ನೂ ಒಂದು ಮುಖವಿದೆ. ಅಮೆರಿಕದ ತಯಾರಕರ ಮಾನಕ ಸಂಸ್ಥೆಯಾದ ಸಾಮಿ ಈ ತೋಟಾಕ್ಕೆ ಇಟ್ಟಿರುವ ಒತ್ತಡದ ಮಿತಿ 35,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ಒಟ್ಟು ಉದ್ದದ ಮಿತಿ 29.69 ಮಿಲಿಮೀಟರ್. ಬುಲೆಟ್ಟಿನ ಆಕಾರ ಬದಲಾದರೆ ಅದನ್ನು ಕೂರಿಸುವ ಆಳವೂ ಬದಲಾಗಬೇಕು. ಗೆಳೆಯರ ಬ್ಯಾರಲ್‌ನಲ್ಲಿ ಚೇಂಬರಿನ ಮುಂದೆ ಸಾಕಷ್ಟು ಜಾಗವಿದ್ದರೆ ಅವರು ಬುಲೆಟ್ಟನ್ನು ಉದ್ದಕ್ಕೇ ಬಿಟ್ಟಿರಬಹುದು. ಅದೇ ತೋಟಾ ನಿಮ್ಮ ಗಿಡ್ಡ ಗಂಟಲಿನ ಬ್ಯಾರಲ್‌ಗೆ ಹೋದಾಗ ಬುಲೆಟ್ಟಿನ ಮೂತಿ ಬ್ಯಾರಲ್ಲಿನೊಳಗಿನ ಸುರುಳಿ ಗೆರೆಗಳಾದ ರೈಫ್ಲಿಂಗ್‌ಗೆ ಒತ್ತಿಕೊಳ್ಳುತ್ತದೆ, ಇಲ್ಲವೇ ಪಿಸ್ತೂಲಿನ ಮೇಲೆ ಹಿಂದೆಮುಂದೆ ಸರಿಯುವ ಸ್ಲೈಡ್ ಮುಚ್ಚುವ ರಭಸಕ್ಕೆ ಕೇಸಿನೊಳಕ್ಕೆ ಜಾರುತ್ತದೆ. ಬುಲೆಟ್ಟಿನ ಕೆಳಗೆ ಪೌಡರ್ ಇರುವ ಜಾಗವೇ ಒಂದು ಕಡಲೆಕಾಳಿನಷ್ಟು. ಬುಲೆಟ್ ಒಂದೆರಡು ಮಿಲಿಮೀಟರ್ ಒಳಸರಿದರೂ ಆ ಜಾಗದ ದೊಡ್ಡ ಪಾಲು ಹೋಯಿತು, ಒತ್ತಡ ಜಿಗಿಯಿತು.

ಅವರು ಸೀಸವನ್ನು ಎರಕ ಹೊಯ್ದು ಬುಲೆಟ್ ಮಾಡುವವರೇ ಎಂದೂ ಕೇಳಿನೋಡಿ. ನಿಮ್ಮ ಬ್ಯಾರಲ್ ಚೂಪು ಗೆರೆಗಳ ಬದಲು ದುಂಡಗಿನ ಮೂಲೆಗಳಿರುವ ಪಾಲಿಗೋನಲ್ ರೈಫ್ಲಿಂಗಿನದಾದರೆ ಅದರಲ್ಲಿ ಬರಿ ಸೀಸ ಬೇಗ ಮೆತ್ತಿಕೊಳ್ಳುತ್ತದೆ. ಹಾರಿಸುತ್ತ ಹೋದಂತೆ ಬ್ಯಾರಲ್ ಕಿರಿದಾಗುತ್ತದೆ.

ಪ್ರ: ಯಾವ ತೋಟಾ ಎಂಬುದು ಕೇಸಿನ ಬುಡದಲ್ಲೇ ಅಚ್ಚಾಗಿರುತ್ತದೆ. ಅದನ್ನು ಓದಿ ಹಾಕಿದರೆ ಸಾಲದೇ?

ಉ: ಆ ಅಚ್ಚು ಕಾರ್ಖಾನೆಯಲ್ಲಿ ಬಿದ್ದದ್ದು. ಕಾರ್ಖಾನೆಯ ತೋಟಾದಲ್ಲಿ ಅದು ನಿಜ ಹೇಳುತ್ತದೆ. ರೀಲೋಡ್ ಮಾಡಿದ ಮೇಲೆ ಅದು ಹಳೆಯ ವಿಳಾಸದ ಲಕೋಟೆ, ಒಳಗಿನ ಕಾಗದ ಬೇರೆ.

ಹೆಚ್ಚು ಅಪಾಯದ ಉದಾಹರಣೆ .300 ಬ್ಲ್ಯಾಕ್‌ಔಟ್ ಎಂಬ ರೈಫಲ್ ತೋಟಾ. ಇದರ ಕೇಸನ್ನು ಬಹಳ ಮಂದಿ .223 ಅಥವಾ 5.56 ಕೇಸನ್ನೇ ಕತ್ತರಿಸಿ, ಡೈ ಎಂಬ ಅಚ್ಚಿನಲ್ಲಿ ಆಕಾರ ಕೊಟ್ಟು ಮಾಡಿಕೊಳ್ಳುತ್ತಾರೆ. ಬುಡದಲ್ಲಿ .223 ಎಂದೇ ಉಳಿಯುತ್ತದೆ. ಎರಡೂ ಒಂದೇ ಮ್ಯಾಗಜೀನಿನಲ್ಲಿ ಕೂರುತ್ತವೆ, ಚೇಂಬರಿನ ಹಿಂಬಾಗಿಲಾದ ಒಂದೇ ಬೋಲ್ಟು ಎರಡನ್ನೂ ಹಿಡಿಯುತ್ತದೆ. ಕೆಲವು ಬುಲೆಟ್‌ಗಳೊಂದಿಗೆ .300 ತೋಟಾ .223 ಚೇಂಬರಿನಲ್ಲಿ ಮುಚ್ಚಿಕೊಂಡೂ ಬಿಡುತ್ತದೆ. ಆಮೇಲೆ 0.308 ಇಂಚಿನ ಬುಲೆಟ್ 0.224 ಇಂಚಿನ ದಾರಿಯಲ್ಲಿ ಹೋಗಬೇಕು. ಹೋಗುವುದಿಲ್ಲ. ರೈಫಲ್ಲಿನ ಮೇಲ್ಭಾಗ ಬಿರಿಯುತ್ತದೆ. ಚೀಟಿಯಿಲ್ಲದ ಪ್ಲಾಸ್ಟಿಕ್ ಚೀಲದಲ್ಲಿ ಕೈಬದಲಾದ ತೋಟಾಗಳಲ್ಲಿ ಇಂಥದ್ದೊಂದು ಬೆರೆತಿದ್ದರೂ ಸಾಕು.

ಹೆಸರು ಸರಿಯಾಗಿದ್ದರೂ ನೆಮ್ಮದಿಯಿಲ್ಲ. .45 ಕೋಲ್ಟ್ ಎಂಬ ರಿವಾಲ್ವರ್ ತೋಟಾಕ್ಕೆ ಸಾಮಿ ಮಿತಿ ಬರೀ 14,000 ಪಿಎಸ್‌ಐ. ಈಗಿನ ಗಟ್ಟಿ ರಿವಾಲ್ವರುಗಳಿಗೆಂದೇ ಕೈಪಿಡಿಗಳು ಪ್ರತ್ಯೇಕ ಪಟ್ಟಿ ಕೊಡುತ್ತವೆ, ಅಲ್ಲಿನ ಒತ್ತಡ ಇದರ ಸುಮಾರು ಎರಡರಷ್ಟು. .45-70 ಎಂಬ ರೈಫಲ್ ತೋಟಾಕ್ಕಂತೂ ಮೂರು ಪಟ್ಟಿಗಳು: 19ನೇ ಶತಮಾನದ ಟ್ರ್ಯಾಪ್‌ಡೋರ್ ರೈಫಲ್ಲಿಗೆ ಒಂದು, ಲೀವರ್ ರೈಫಲ್ಲಿಗೆ ಇನ್ನೊಂದು, ಆಧುನಿಕ ಗಟ್ಟಿ ಆ್ಯಕ್ಷನ್ನಿಗೆ ಮತ್ತೊಂದು. ತುಂಬಿದ ಮೇಲೆ ಮೂರೂ ನೋಡಲು ಒಂದೇ. ಮೂರನೆಯ ಪಟ್ಟಿಯದ್ದು ಮೊದಲನೆಯ ರೈಫಲ್ಲಿಗೆ ಸಲೀಸಾಗಿ ಇಳಿಯುತ್ತದೆ.

ಪ್ರ: ತೋಟಾ ತೆಗೆದುಕೊಳ್ಳುವುದಿಲ್ಲ, ಲೆಕ್ಕ ಮಾತ್ರ ಕೇಳಿಕೊಂಡು ನಾನೇ ತುಂಬುತ್ತೇನೆ. ಫೋನಿನಲ್ಲಿ ‘4350 ಹಾಕು, ಇಷ್ಟು ಗ್ರೇನ್’ ಎಂದು ಪೌಡರಿನ ಹೆಸರು, ತೂಕ ಹೇಳಿದ್ದಾರೆ. ಸಾಕೇ?

ಉ: ಯಾವ 4350? ಐಎಂಆರ್ 4350 ಇದೆ, ಹಾಜ್ಡನ್‌ನವರ ಎಚ್4350 ಇದೆ, ಆಕ್ಯುರೇಟ್ 4350 ಇದೆ. ಮೂರೂ ಉರಿಯುವ ವೇಗ ಬೇರೆ, ಒಂದರ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ. 4831, 4895ರ ಕಥೆಯೂ ಇದೇ. ತಮಾಷೆಯೆಂದರೆ ಎಚ್110 ಮತ್ತು ಡಬ್ಲ್ಯು296 ಎಂದು ಎರಡು ಹೆಸರಿನಲ್ಲಿ ಮಾರುವುದು ಒಂದೇ ಪೌಡರ್. ಹೀಗಾಗಿ ಊಹೆಗೆ ಇಲ್ಲಿ ಎಡೆಯಿಲ್ಲ. ಬಾಯಿಮಾತಿನ ಲೆಕ್ಕವನ್ನು ಪೌಡರ್ ತಯಾರಕರ ಈಗಿನ ಪಟ್ಟಿಯಲ್ಲಿ ಸಾಲು ಹಿಡಿದು ನೋಡಿ. ಬುಲೆಟ್ಟಿನ ತೂಕ ಮತ್ತು ಬಗೆ, ಕೇಸ್, ಪ್ರೈಮರ್, ಒಟ್ಟು ಉದ್ದ ಎಲ್ಲವೂ ಹೊಂದಿದರೆ ಆ ಪಟ್ಟಿಯ ಆರಂಭದ ತೂಕದಿಂದ ಶುರುಮಾಡಿ, ಗೆಳೆಯರು ಹೇಳಿದ ತೂಕದಿಂದಲ್ಲ. ಸೇನೆಯ ಕೇಸ್‌ಗಳ ಗೋಡೆ ಸಾಮಾನ್ಯವಾಗಿ ದಪ್ಪ, ಒಳಗೆ ಜಾಗ ಕಡಿಮೆ. ಮಾಮೂಲಿ ಕೇಸಿಗೆ ಕಂಡುಕೊಂಡ ತೂಕ ಅದರಲ್ಲಿ ಮಿತಿ ಮೀರಬಹುದು.

ಅರ್ಧ ಖಾಲಿಯಾದ ಪೌಡರನ್ನು ಬೇರೆ ಡಬ್ಬಿಯಲ್ಲಿ ಕೊಟ್ಟರೆ ಅದನ್ನು ಪೌಡರ್ ಎಂದೇ ಎಣಿಸಬೇಡಿ. ಬಣ್ಣ, ಕಣದ ಆಕಾರ, ವಾಸನೆ ನೋಡಿ ಗುರುತಿಸುತ್ತೇನೆ ಎನ್ನುವವರಿಂದ ದೂರವಿರಿ.

ಪ್ರ: ಈಗಾಗಲೇ ಗೆಳೆಯರಿಂದ ಬಂದ ಒಂದು ಪೆಟ್ಟಿಗೆ 9 ಎಂಎಂ ತೋಟಾ ಮನೆಯಲ್ಲಿದೆ. ಒಂದೊಂದನ್ನೇ ತೂಗಿ ನೋಡಿದರೆ ಪೌಡರ್ ಕಡಿಮೆ ಬಿದ್ದದ್ದು, ಎರಡು ಸಲ ಬಿದ್ದದ್ದು ಗೊತ್ತಾಗುವುದಿಲ್ಲವೇ?

ಉ: ಲೆಕ್ಕ ಹಾಕಿ ನೋಡಿ. 9 ಎಂಎಂನಲ್ಲಿ ಪೌಡರ್ ಇರುವುದೇ ಸಾಮಾನ್ಯವಾಗಿ 4ರಿಂದ 6 ಗ್ರೇನ್. ಒಂದು ಗ್ರೇನ್ ಎಂದರೆ 0.065 ಗ್ರಾಂ, ಅಂದರೆ ಒಟ್ಟು ಮೂರನೇ ಒಂದು ಗ್ರಾಮಿನ ಆಸುಪಾಸು. ಬೇರೆ ಬೇರೆ ಕಾರ್ಖಾನೆಯ ಖಾಲಿ ಕೇಸ್‌ಗಳ ನಡುವೆಯೇ ಕೆಲವು ಗ್ರೇನ್ ವ್ಯತ್ಯಾಸವಿರುತ್ತದೆ, ಬುಲೆಟ್ಟುಗಳ ನಡುವೆಯೂ ಅಷ್ಟಿಷ್ಟು. ಹಗುರ ಕೇಸಿನಲ್ಲಿ ಎರಡು ಪಟ್ಟು ಪೌಡರ್, ಭಾರದ ಕೇಸಿನಲ್ಲಿ ಪೌಡರೇ ಇಲ್ಲದಿರುವುದು, ಎರಡನ್ನೂ ತಕ್ಕಡಿ ‘ಸರಿ’ ಎಂದು ಹೇಳಬಹುದು. 50 ಗ್ರೇನ್ ತುಂಬುವ ದೊಡ್ಡ ರೈಫಲ್ ತೋಟಾದಲ್ಲಿ ಪೌಡರ್ ಪೂರ್ತಿ ಇಲ್ಲದಿದ್ದರೆ ತೂಕ ಹೇಳಿಕೊಡುತ್ತದೆ, ಸಣ್ಣ ಏರುಪೇರನ್ನು ಅಲ್ಲಿಯೂ ಹೇಳುವುದಿಲ್ಲ. ಕಿವಿಯ ಬಳಿ ಅಲ್ಲಾಡಿಸಿ ನೋಡುವುದಂತೂ ಶಾಸ್ತ್ರ ಕೇಳಿದಂತೆ.

ಉಳಿಯುವ ದಾರಿ ಬಿಚ್ಚುವುದು. ಸುತ್ತಿಗೆಯಾಕಾರದ ಇನರ್ಷಿಯಾ ಪುಲ್ಲರ್ ಎಂಬ ಸಾಧನದಲ್ಲಿ ತೋಟಾದ ಬುಡವನ್ನು ಅದರದೇ ಹಿಡಿ-ಉಂಗುರವಾದ ಕಾಲೆಟ್ಟಿನಿಂದ ಹಿಡಿಸಿ, ಗಟ್ಟಿ ಮರದ ತುದಿಗೆ ನಾಲ್ಕಾರು ಸಲ ಕುಟ್ಟಿದರೆ ಬುಲೆಟ್ ಮತ್ತು ಪೌಡರ್ ಕಳಚಿ ಪೊಳ್ಳು ತಲೆಯೊಳಗೆ ಬೀಳುತ್ತವೆ. ಕಣ್ಣಿಗೆ ಕನ್ನಡಕ ಇರಲೇಬೇಕು. .22ರಂಥ ರಿಮ್‌ಫೈರ್ ತೋಟಾಕ್ಕೆ ಈ ಸಾಧನ ಸಲ್ಲದು, ಅದರ ಕಿಡಿಮದ್ದು ಅಂಚಿನಲ್ಲೇ ಇರುತ್ತದೆ. ಹೊರಬಂದ ಪೌಡರನ್ನು ಮತ್ತೆ ಬಳಸಬೇಡಿ. ಹುಲ್ಲಿನ ಮೇಲೆ ತೆಳ್ಳಗೆ ಉದುರಿಸಿ, ಸಾರಜನಕ ಇರುವುದರಿಂದ ಹುಲ್ಲಿಗೂ ಒಳ್ಳೆಯದೇ. ಬುಲೆಟ್ಟಿಗೆ ಗೀರು ಬಿದ್ದಿಲ್ಲದಿದ್ದರೆ ಅದು ಮರುಬಳಕೆಗೆ ಬರುತ್ತದೆ. ಕೇಸಿನಲ್ಲಿ ಉಳಿದ ಪ್ರೈಮರ್ ಇನ್ನೂ ಜೀವಂತ ಎಂಬುದು ನೆನಪಿರಲಿ. ಎಣ್ಣೆ ಸುರಿದರೆ ಸಾಯುತ್ತದೆ ಎಂದು ನಂಬಬೇಡಿ, ಒಣಗಿದ ಮೇಲೆ ಕೆಲವು ಸಿಡಿಯುತ್ತವೆ.

ಪ್ರ: ಹಾರಿಸುವಾಗ ಒಂದು ತೋಟಾ ‘ಢಂ’ ಎನ್ನದೆ ‘ಟುಸ್’ ಎಂದರೆ?

ಉ: ಕೈ ನಿಲ್ಲಿಸಿ. ಪಿಸ್ತೂಲು ಬಲ್ಲವರೇ ಹೆಚ್ಚಾಗಿ ಸಿಕ್ಕಿಬೀಳುವ ಜಾಗ ಇದು. ಪೌಡರ್ ಬೀಳದ ತೋಟಾದಲ್ಲಿ ಪ್ರೈಮರ್ ಒಂದೇ ಬುಲೆಟ್ಟನ್ನು ಬ್ಯಾರಲ್ಲಿನ ಮೊದಲ ಒಂದೆರಡು ಇಂಚಿನವರೆಗೆ ತಳ್ಳಿ ಅಲ್ಲೇ ಬಿಡುತ್ತದೆ. ಸ್ಲೈಡನ್ನು ಹಿಂದಕ್ಕೆ ತಳ್ಳುವಷ್ಟು ಬಲ ಇರುವುದಿಲ್ಲ. ತೋಟಾ ಹಾರಲಿಲ್ಲ ಎಂದುಕೊಂಡು, ತರಬೇತಿಯಲ್ಲಿ ಕಲಿತಂತೆ ಮ್ಯಾಗಜೀನನ್ನು ತಟ್ಟಿ ಸ್ಲೈಡ್ ಎಳೆದುಬಿಟ್ಟರೆ ಖಾಲಿ ಕೇಸ್ ಹೊರಬಿದ್ದು ಹೊಸ ತೋಟಾ ಚೇಂಬರ್ ಸೇರುತ್ತದೆ. ಮುಂದಿನ ಗುಂಡು ನಿಂತ ಗುಂಡಿಗೆ ಹೋಗಿ ಬಡಿಯುತ್ತದೆ. ಬ್ಯಾರಲ್ಲಿನಲ್ಲಿ ಉಂಗುರದಂತೆ ಉಬ್ಬು ಬಂದರೆ ಅದೃಷ್ಟ, ಬಿರಿದರೆ ಕೈಗೆ ಕುತ್ತು. ಅಭ್ಯಾಸಬಲವೇ ಇಲ್ಲಿ ಶತ್ರು.

ಮೂತಿಯನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡು ಕಾಯಿರಿ. ಪ್ರೈಮರ್ ತಡವಾಗಿ ಹೊತ್ತಿಸುವುದೂ ಉಂಟು. ಆಮೇಲೆ ಮ್ಯಾಗಜೀನ್ ತೆಗೆದು, ಚೇಂಬರ್ ಖಾಲಿ ಮಾಡಿ, ಬ್ಯಾರಲ್ಲಿಗೆ ಕಡ್ಡಿ ಇಳಿಸಿ ನೋಡಿ. ಈ ಕಡೆಯಿಂದ ಆ ಕಡೆಗೆ ಹಾದುಹೋಗದಿದ್ದರೆ ಬುಲೆಟ್ ಒಳಗಿದೆ. ತೆಗೆಯಲು ತುಕ್ಕು ಬಿಡಿಸುವ ಎಣ್ಣೆ ಹಾಕಿ ನೆನೆಯಲು ಬಿಟ್ಟು, ಬ್ಯಾರಲ್ಲಿಗೆ ಹೊಂದುವ ದಪ್ಪದ ಹಿತ್ತಾಳೆ ಕಡ್ಡಿಯಿಂದ ತಟ್ಟಬೇಕು. ಮರದ ಕಡ್ಡಿ ಸೀಳಿ ಬುಲೆಟ್ಟಿನ ಪಕ್ಕದಲ್ಲಿ ಬೆಣೆಯಂತೆ ಕೂತುಬಿಡುತ್ತದೆ. ಇನ್ನೊಂದು ಗುಂಡು ಹಾರಿಸಿ ತಳ್ಳುವ ಯೋಚನೆ ಕನಸಿನಲ್ಲೂ ಬೇಡ. ರಿವಾಲ್ವರಿನಲ್ಲಿ ಬುಲೆಟ್ ಸಿಲಿಂಡರಿಗೂ ಬ್ಯಾರಲ್ಲಿಗೂ ನಡುವೆ ಅರ್ಧಕ್ಕೆ ನಿಲ್ಲಬಹುದು, ಆಗ ಸಿಲಿಂಡರ್ ತಿರುಗುವುದೂ ಇಲ್ಲ, ತೆರೆಯುವುದೂ ಇಲ್ಲ. ಬಲ ಹಾಕದೆ ಬಲ್ಲ ಮೆಕ್ಯಾನಿಕ್ಕರ ಕೈಗೆ ಕೊಡಿ. ಪೆಟ್ಟಿಗೆಯಲ್ಲಿ ಉಳಿದ ತೋಟಾಗಳನ್ನೂ ಅಲ್ಲಿಗೇ ನಿಲ್ಲಿಸಿ. ಒಂದರಲ್ಲಿ ಬೀಳದ ಪೌಡರ್ ಇನ್ನೊಂದರಲ್ಲಿ ಎರಡು ಸಲ ಬಿದ್ದಿರಬಹುದು.

ಪ್ರ: ಒಂದೇ ಹಿಡಿಕೆಗೆ ಎಲ್ಲ ಹಂತಗಳೂ ನಡೆಯುವ ಪ್ರೋಗ್ರೆಸಿವ್ ಪ್ರೆಸ್ಸಿನಲ್ಲಿ ನಾನು ತುಂಬುತ್ತೇನೆ. ಇಷ್ಟು ವರ್ಷ ಒಂದೂ ಕೆಟ್ಟಿಲ್ಲ. ತಪ್ಪು ಆಗುವುದಾದರೂ ಎಲ್ಲಿ?

ಉ: ಕೆಲಸ ಓಡುತ್ತಿರುವಾಗ ಅಪರೂಪ, ನಿಂತಾಗ ಹೆಚ್ಚು. ಹಿಡಿಕೆ ಎಳೆದಂತೆ ತಟ್ಟೆ ತಿರುಗಿ, ಪ್ರತಿ ಕೇಸ್ ಒಂದು ಮನೆ ಮುಂದಕ್ಕೆ ಹೋಗುತ್ತದೆ: ಅಳತೆಗೆ ತರುವುದು, ಪ್ರೈಮರ್, ಪೌಡರ್, ಬುಲೆಟ್ ಕೂರಿಸುವುದು, ಬಾಯಿ ಬಿಗಿಯುವುದು. ಈಗ ಪ್ರೈಮರ್ ಮನೆಯಲ್ಲಿ ಒಂದು ಕೇಸ್ ಓರೆಯಾಗಿ ಸಿಕ್ಕಿಕೊಂಡಿತು ಎನ್ನಿ. ಹಿಡಿಕೆ ಅರ್ಧದಲ್ಲಿ ನಿಂತಿದೆ. ಮೇಲೆತ್ತಿ, ಸರಿಮಾಡಿ, ಮತ್ತೆ ಒತ್ತುತ್ತೀರಿ. ಅಷ್ಟರಲ್ಲಿ ಪೌಡರ್ ಮನೆಯ ಕೇಸಿಗೆ ಒಮ್ಮೆ ಬಿದ್ದಾಗಿತ್ತೇ? ನೆನಪಿಲ್ಲ. ತಟ್ಟೆಯನ್ನು ಕೈಯಿಂದ ತಿರುಗಿಸುವ ಪ್ರೆಸ್ಸಾದರೆ ಒಂದು ಸಲ ಮರೆತರೆ ಎರಡು ಪಾಲು, ಒಂದು ಸಲ ಹೆಚ್ಚಾದರೆ ಬರಿಗೇಸು.

ನಿಯಮ ಸರಳ. ಪ್ರೆಸ್ ಯಾವ ಕಾರಣಕ್ಕೆ ನಿಂತರೂ ಪೌಡರ್ ಮನೆಯ ಕೇಸನ್ನೂ ಅದರ ಮುಂದಿನದನ್ನೂ ಹೊರತೆಗೆದು ಸುರಿದು ತೂಗಿ. ಬುಲೆಟ್ ಇಡುವ ಮೊದಲು ಕೇಸಿನೊಳಕ್ಕೆ ಕಣ್ಣು ಬೀಳುವಂತೆ ದೀಪ ಹಾಕಿಕೊಳ್ಳಿ. ಪೌಡರ್ ಮಟ್ಟ ತಪ್ಪಿದರೆ ಹಿಡಿಕೆಯನ್ನೇ ತಡೆಯುವ ಲಾಕ್‌ಔಟ್ ಡೈ ಇದ್ದರೆ ಇನ್ನೂ ಒಳ್ಳೆಯದು. ಎರಡು ಪಾಲು ಬಿದ್ದರೆ ಬಾಯಿಂದ ಹೊರಚೆಲ್ಲುವಷ್ಟು ಉಬ್ಬರದ ಪೌಡರನ್ನು ಆರಿಸಿ. .38 ಸ್ಪೆಷಲ್ ತುಂಬುವವರು ಈ ಮಾತನ್ನು ಬರೆದಿಟ್ಟುಕೊಳ್ಳಬೇಕು. 1898ರ ಈ ಕೇಸಿನ ಗಾತ್ರ ಕಪ್ಪುಮದ್ದಿನ ಕಾಲದ್ದು. ಬೇಗ ಉರಿಯುವ ಇಂದಿನ ಪೌಡರ್ ಅದರ ತಳದಲ್ಲಿ ಚಿಟಿಕೆಯಂತೆ ಕೂರುತ್ತದೆ, ಎರಡು ಪಾಲು ಬಿದ್ದರೂ ಮೇಲೆ ಜಾಗ ಉಳಿಯುತ್ತದೆ.

ತುಂಬಿದ ಮೇಲೆ ಪ್ರತಿ ಪ್ರೈಮರಿನ ಮೇಲೆ ಬೆರಳು ಆಡಿಸಿ. ಬುಡದ ಮಟ್ಟಕ್ಕಿಂತ ಕೂದಲೆಳೆ ಒಳಗಿರಬೇಕು. ಎದ್ದಿದ್ದರೆ ರಿವಾಲ್ವರ್ ಸಿಲಿಂಡರ್ ಉಜ್ಜಿ ನಿಲ್ಲುತ್ತದೆ, ಫೈರಿಂಗ್ ಪಿನ್ ಸಡಿಲವಾಗಿ ತೇಲುವ ಅರೆಸ್ವಯಂಚಾಲಿತ ರೈಫಲ್ಲಿನಲ್ಲಿ ಬೋಲ್ಟ್ ಮುಚ್ಚುವಾಗಲೇ ಸಿಡಿಯಬಹುದು.

ಪ್ರ: ಗೆಳೆಯರಿಗೆ ಸಾಮಾನಿನ ಖರ್ಚಷ್ಟೇ ತೆಗೆದುಕೊಂಡು ಕೊಟ್ಟರೆ ಕಾನೂನು ಏನೆನ್ನುತ್ತದೆ?

ಉ: ದೇಶದಿಂದ ದೇಶಕ್ಕೆ ಬೇರೆ. ಈ ಹವ್ಯಾಸ ಹೆಚ್ಚು ಬೆಳೆದಿರುವ ಅಮೆರಿಕದಲ್ಲಿ ಸ್ವಂತಕ್ಕೆ ತುಂಬಿಕೊಳ್ಳಲು ಫೆಡರಲ್ ಪರವಾನಗಿ ಬೇಕಿಲ್ಲ. ಲಾಭಕ್ಕಾಗಿ ವ್ಯಾಪಾರವಾಗಿ ತುಂಬಿ ಮಾರಲು 1968ರ ಕಾಯ್ದೆಯಡಿ ಟೈಪ್ 06 ಎಂಬ ತಯಾರಕರ ಪರವಾನಗಿ ಬೇಕು, ಮಾರಾಟದ ಮೇಲೆ 11 ಪ್ರತಿಶತ ಫೆಡರಲ್ ಅಬಕಾರಿ ತೆರಿಗೆಯೂ ಇದೆ. ‘ಗೆಳೆಯರಿಗಷ್ಟೇ’ ಎಂಬುದು ಪ್ರತಿ ತಿಂಗಳು ನಡೆಯತೊಡಗಿದರೆ ಗೆರೆ ದಾಟಿದಂತೆ. ಕೋವಿ ಇಟ್ಟುಕೊಳ್ಳಲು ಕಾನೂನು ನಿಷೇಧಿಸಿದವರಿಗೆ ತಿಳಿದೂ ತೋಟಾ ಕೊಟ್ಟರೆ, ಪುಕ್ಕಟೆ ಕೊಟ್ಟಿದ್ದರೂ ಅಪರಾಧ. ಅಲ್ಲಿನ ಸರ್ಕಾರಿ ಅಂಚೆಯಲ್ಲಿ ತೋಟಾ ಕಳಿಸುವಂತಿಲ್ಲ.

ಭಾರತದಲ್ಲಿ ಈ ಪ್ರಶ್ನೆಗೆ ನುಸುಳುವ ಸಂದೇ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸಲು, ಮಾರಲು ಪರವಾನಗಿ ಬೇಕು. ಅದೇ ಕಾಯ್ದೆಯ ವ್ಯಾಖ್ಯೆಯಲ್ಲಿ ತೋಟಾದ ಭಾಗಗಳು, ತೋಟಾ ತಯಾರಿಸುವ ಯಂತ್ರ ಕೂಡ ‘ಮದ್ದುಗುಂಡು’ ಆಗಿಬಿಡುತ್ತವೆ. ಕೋವಿಯ ಲೈಸೆನ್ಸ್ ಇದೆ ಎಂದ ಮಾತ್ರಕ್ಕೆ ಪ್ರೆಸ್ ತಂದು ಕೂರಿಸುವಂತಿಲ್ಲ.

ಪ್ರ: ‘ನನ್ನ ಹೊಣೆಯಲ್ಲೇ ಹಾರಿಸುತ್ತೇನೆ’ ಎಂದು ಬರೆಸಿಕೊಂಡರೆ?

ಉ: ಬರೆದುಕೊಟ್ಟವರ ಪಕ್ಕದ ಮೇಜಿನಲ್ಲಿ ನಿಂತವರ ಕಣ್ಣಿಗೆ ಚೂರು ಬಡಿದರೆ ಆ ಚೀಟಿ ಅವರನ್ನು ಕಟ್ಟುವುದಿಲ್ಲ. ಕೋವಿ ತಯಾರಕರ ಕೈಪಿಡಿಗಳಲ್ಲಿ ರೀಲೋಡ್ ಬಳಸಿದರೆ ವಾರಂಟಿ ಇಲ್ಲವೆಂಬ ಸಾಲು ಮಾಮೂಲು, ಹಾಗಾಗಿ ಒಡೆದ ಕೋವಿಯ ಲೆಕ್ಕವೂ ಸುತ್ತಿ ನಿಮ್ಮ ಬಾಗಿಲಿಗೇ ಬರುತ್ತದೆ.

ಪ್ರ: ಹಾಗಿದ್ದರೆ ಗೆಳೆಯರ ನಡುವೆ ಕೊಡುಕೊಳ್ಳುವುದೇ ಬೇಡವೇ?

ಉ: ಕಾನೂನು ಒಪ್ಪುವ ಕಡೆ ಸಾಮಾನು ಬದಲಾಯಿಸಿಕೊಳ್ಳಿ, ತುಂಬಿದ್ದನ್ನಲ್ಲ. ಖಾಲಿ ಕೇಸ್, ಬುಲೆಟ್, ಡೈ, ಮುಚ್ಚಳ ಒಡೆಯದ ಪೌಡರ್ ಡಬ್ಬಿ, ಎಲ್ಲವೂ ಕೈಬದಲಾಗಬಹುದು. ರೈಫಲ್ ಕೇಸ್‌ಗಳನ್ನು ಪಡೆದರೆ ಎಷ್ಟು ಸಲ ಹಾರಿಸಿದ್ದು ಎಂದು ಕೇಳಿ, ಆಮೇಲೆ ತುದಿ ಬಗ್ಗಿಸಿದ ಪೇಪರ್ ಕ್ಲಿಪ್ಪನ್ನು ಒಳಗೆ ಇಳಿಸಿ ಬುಡದ ಕಡೆಯಿಂದ ಮೇಲಕ್ಕೆ ಎಳೆಯಿರಿ. ಬುಡದಿಂದ ಸ್ವಲ್ಪ ಮೇಲೆ ಹಳ್ಳಕ್ಕೆ ಸಿಕ್ಕಂತಾದರೆ ಅಲ್ಲಿ ಲೋಹ ತೆಳುವಾಗಿದೆ, ಹೊರಗಿನಿಂದಲೂ ಹೊಳೆಯುವ ಗೆರೆ ಕಾಣಬಹುದು. ಮುಂದಿನ ಹೊಡೆತಕ್ಕೆ ಕೇಸ್ ಎರಡು ತುಂಡಾಗುವ ಜಾಗ ಅದು. ಎಸೆಯಿರಿ.

ಪ್ರೈಮರ್ ಹಂಚುವಾಗ ಕಾರ್ಖಾನೆಯ ಟ್ರೇ ಸಮೇತವೇ ಕೊಡಿ. ಗಾಜಿನ ಸೀಸೆಯಲ್ಲಿ ಸುರಿದಿಟ್ಟ ಪ್ರೈಮರುಗಳಲ್ಲಿ ಒಂದು ಸಿಡಿದರೆ ಎಲ್ಲವೂ ಒಟ್ಟಿಗೇ ಸಿಡಿಯುತ್ತವೆ. ಟ್ರೇಯಲ್ಲಿ ಒಂದೊಂದಕ್ಕೂ ಬೇರೆ ಗುಂಡಿ ಇರುವುದು ಅದಕ್ಕೇ.

ಗೆಳೆಯರಿಗೆ ತೋಟಾವೇ ಬೇಕೆಂದರೆ ನಿಮ್ಮ ಪ್ರೆಸ್ಸಿನ ಮುಂದೆ ಅವರನ್ನೇ ಕೂರಿಸಿ. ಸಾಮಾನು ಅವರದು, ಕೈಪಿಡಿಯ ಪುಟ ಅವರೇ ತೆರೆದಿರಲಿ, ಹಿಡಿಕೆಯೂ ಅವರ ಕೈಯಲ್ಲೇ ಇರಲಿ, ನೀವು ಪಕ್ಕದಲ್ಲಿ ನಿಂತು ಕಣ್ಣಿಡಿ. ಮೊದಲ ಹತ್ತನ್ನು ಮಾತ್ರ ತುಂಬಿ, ಅವರ ಕೋವಿಯಲ್ಲಿ ಹಾರಿಸಿ ನೋಡಿದ ಮೇಲೆ ಉಳಿದದ್ದು. ಪೆಟ್ಟಿಗೆಯ ಮೇಲೆ ದಿನಾಂಕ, ಪೌಡರಿನ ಪೂರ್ತಿ ಹೆಸರು ಮತ್ತು ತೂಕ, ಬುಲೆಟ್, ಪ್ರೈಮರ್, ಕೇಸ್, ಒಟ್ಟು ಉದ್ದ, ಯಾವ ಕೋವಿಗೆ ಎಂಬುದನ್ನು ಅವರದೇ ಅಕ್ಷರದಲ್ಲಿ ಬರೆಸಿ. ಎದ್ದು ಹೋಗುವ ಮೊದಲು ಇಬ್ಬರೂ ತಣ್ಣೀರು, ಸಾಬೂನಿನಿಂದ ಕೈ ತೊಳೆದುಕೊಳ್ಳಿ. ಹಾರಿಸಿದ ಕೇಸಿನ ಮಸಿಯಲ್ಲಿ ಸೀಸ ಇರುತ್ತದೆ.